ಐವತ್ತರ ನೋಟಿನ ಹಿಂದೇನಿದೆ?

ಜೇಬಿನಲ್ಲಿ ಐವತ್ತು ರೂಪಾಯಿ ನೋಟಿದ್ದರೆ ತೆಗೆಯಬೇಡಿ, ಅಲ್ಲೇ ಇರಲಿ. ಕೂತಲ್ಲೇ ಹೇಳಿ: 2017ರಿಂದ ಕೈಯಿಂದ ಕೈಗೆ ಓಡಾಡುತ್ತಿರುವ ಆ ತಿಳಿನೀಲಿ ನೋಟಿನ ಹಿಂಬದಿಯಲ್ಲಿ ಯಾವ ಚಿತ್ರವಿದೆ?

ಹಂಪಿಯ ಕಲ್ಲಿನ ರಥ. ನಮ್ಮೂರಿನದೇ ಆದ್ದರಿಂದ ಬಹಳ ಜನ ಇಷ್ಟನ್ನು ಸರಿಯಾಗಿ ಹೇಳುತ್ತಾರೆ. ಈಗ ಎರಡನೇ ಪ್ರಶ್ನೆ. ಅದೇ ಬದಿಯಲ್ಲಿ ನೋಟಿನ ಮೌಲ್ಯವನ್ನು 15 ಭಾಷೆಗಳಲ್ಲಿ ಒಂದರ ಕೆಳಗೊಂದು ಬರೆದಿದ್ದಾರೆ. ಕನ್ನಡ ಎಷ್ಟನೇ ಸಾಲಿನಲ್ಲಿದೆ?

ನಾನು ಇದನ್ನು ಕಿರಾಣಿ ಅಂಗಡಿಯವರಿಗೆ ಕೇಳಿದ್ದೇನೆ, ಬಸ್ ಕಂಡಕ್ಟರಿಗೆ ಕೇಳಿದ್ದೇನೆ, ಭಾಷೆಯ ಬಗ್ಗೆ ವೇದಿಕೆ ಹತ್ತಿ ಗಂಟೆಗಟ್ಟಲೆ ಮಾತಾಡುವ ಗೆಳೆಯರಿಗೂ ಕೇಳಿದ್ದೇನೆ. ಮೊದಲನೆಯದು ಎಂದವರಿದ್ದಾರೆ (ಅಭಿಮಾನ). ಕೊನೆಯದು ಎಂದವರೂ ಇದ್ದಾರೆ (ಅದೂ ಒಂದು ಬಗೆಯ ಅಭಿಮಾನವೇ). ಸರಿಯಾದ ಉತ್ತರ ನಾಲ್ಕನೆಯದು. ಅಸ್ಸಾಮಿ, ಬಂಗಾಳಿ, ಗುಜರಾತಿ ಆದಮೇಲೆ ಕನ್ನಡ. ಭಾಷೆಗಳ ಇಂಗ್ಲಿಷ್ ಹೆಸರನ್ನು ಎ, ಬಿ, ಸಿ, ಡಿ ಕ್ರಮದಲ್ಲಿ ಜೋಡಿಸಿದ್ದಾರೆ, ಅಷ್ಟೆ.

ಈ ಪಟ್ಟಿಯನ್ನು ನಮ್ಮ ಕಣ್ಣು ಸಾವಿರಾರು ಸಲ ಹಾದುಹೋಗಿದೆ. ನೋಡಿದ್ದೆಲ್ಲ ತಲೆಯೊಳಗೆ ಹೋಗಿ ಕೂರುವಂತಿದ್ದರೆ ಇಷ್ಟು ಹೊತ್ತಿಗೆ ಅದು ಮಗ್ಗಿಯ ಹಾಗೆ ಬಾಯಿಗೆ ಬರಬೇಕಿತ್ತು. ಬರಲಿಲ್ಲ. ಪರೀಕ್ಷೆಯ ಕೊಠಡಿಯಿಂದ ಆಚೆ ಬಂದ ಮಕ್ಕಳು "ಓದಿದ್ದೆ, ಚೆನ್ನಾಗೇ ಓದಿದ್ದೆ, ಅಲ್ಲಿ ನೆನಪಾಗಲಿಲ್ಲ" ಅನ್ನುವಾಗ ನಾವು ನಂಬುವುದಿಲ್ಲ. ಸೋಮಾರಿತನಕ್ಕೆ ಹೇಳುವ ನೆಪ ಅಂದುಕೊಳ್ಳುತ್ತೇವೆ. ಆದರೆ ಅವರು ಹೇಳುತ್ತಿರುವುದು ನೋಟಿನ ಕತೆಯನ್ನೇ.

ಹಳದಿ ಗೆರೆಯ ಸಂಜೆ

ಅಕ್ಕನ ಮಗಳು ಹತ್ತನೇ ತರಗತಿಯಲ್ಲಿದ್ದಾಗಿನ ಮಾತು. ಒಂದು ಸಂಜೆ ಅವರ ಮನೆಗೆ ಹೋದಾಗ ವಿಜ್ಞಾನದ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು. ಹೃದಯದ ಪಾಠ. ಪುಟದ ತುಂಬ ಹಳದಿ ಹೈಲೈಟರಿನ ಗೆರೆ. ಎಷ್ಟು ಗೆರೆಯೆಂದರೆ, ಗೆರೆ ಎಳೆಯದೆ ಬಿಟ್ಟ ಸಾಲುಗಳೇ ಮುಖ್ಯವೇನೋ ಎಂಬಂತೆ ಎದ್ದು ಕಾಣುತ್ತಿದ್ದವು.

"ಓದಿ ಆಯ್ತೇನೆ?" ಅಂದೆ.

"ಮೂರು ಸಲ ಓದಿದೀನಿ ಮಾಮ. ಈ ಪಾಠ ಎಲ್ಲಾ ಗೊತ್ತು."

"ಹಾಗಿದ್ರೆ ಪುಸ್ತಕ ಮುಚ್ಚು. ಶ್ವಾಸಕೋಶದಿಂದ ವಾಪಸ್ ಬಂದ ರಕ್ತ ಹೃದಯದ ಯಾವ ಕೋಣೆಗೆ ಬೀಳತ್ತೆ?"

ಮುಚ್ಚಿದ ಪುಸ್ತಕದ ರಟ್ಟನ್ನೇ ದಿಟ್ಟಿಸಿದಳು. "ತಾಳಿ ಮಾಮ, ಪುಟ ಕಣ್ಮುಂದೇನೇ ಇದೆ. ಬಲಗಡೆ ಪುಟ. ಮೇಲ್ಗಡೆ ಚಿತ್ರ. ಅದರ ಕೆಳಗೆ ಎರಡನೇ ಸಾಲಿಗೆ ಗೆರೆ ಹಾಕಿದೀನಿ. ಅದ್ರಲ್ಲಿ..." ಅದರಲ್ಲಿ ಏನಿದೆ ಎಂಬುದು ಮಾತ್ರ ಬರಲಿಲ್ಲ. ಪುಸ್ತಕ ತೆರೆದವಳೇ ಹಣೆ ಚಚ್ಚಿಕೊಂಡಳು. "ಎಡ ಹೃತ್ಕರ್ಣ! ಗೊತ್ತಿತ್ತು ಮಾಮ, ನಂಗೆ ಗೊತ್ತಿತ್ತು!"

ಈ 'ಗೊತ್ತಿತ್ತು' ಬಹಳ ಮೋಸದ ಮಾತು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಪುಟ ತೆರೆದಿದ್ದಾಗ ಪ್ರತಿ ಸಾಲೂ ಅವಳಿಗೆ ಪರಿಚಿತವಾಗಿಯೇ ಕಾಣುತ್ತಿತ್ತು. ಸಂತೆಯಲ್ಲಿ ಎದುರಾದವರನ್ನು ಕಂಡು 'ಇವರನ್ನು ಎಲ್ಲೋ ನೋಡಿದ್ದೇನಲ್ಲ' ಅನ್ನಿಸುವುದು ಒಂದು. ಅವರು ಎದುರಿಗಿಲ್ಲದಾಗ ಅವರ ಹೆಸರು, ಊರು, ಯಾರ ಕಡೆಯವರು ಎಂದು ಹೇಳುವುದು ಇನ್ನೊಂದು. ಮೊದಲನೆಯದು ಗುರುತು, ಎರಡನೆಯದು ನೆನಪು. ಪಾಠವನ್ನು ಮತ್ತೆ ಮತ್ತೆ ಓದುವಾಗ ಗುರುತು ಸಲೀಸಾಗಿ ಬೆಳೆಯುತ್ತದೆ. ಸಾಲುಗಳು ಜಾರಿಕೊಂಡು ಹೋಗುತ್ತವೆ, ಎಲ್ಲೂ ತಡೆಯಿಲ್ಲ. ತಡೆಯಿಲ್ಲದ್ದನ್ನು ನಮ್ಮ ಮನಸ್ಸು 'ಬರುತ್ತದೆ' ಎಂದು ಓದಿಕೊಳ್ಳುತ್ತದೆ. ಇದನ್ನು ಪರಿಚಯದ ಮೋಸ ಎಂದು ಕರೆಯೋಣ. ಪರೀಕ್ಷೆಯಲ್ಲಿ ಕೇಳುವುದು ಗುರುತನ್ನಲ್ಲ. ಪ್ರಶ್ನೆಪತ್ರಿಕೆಯಲ್ಲಿ ಹಳದಿ ಗೆರೆ ಇರುವುದಿಲ್ಲ.

ಇದು ಹತ್ತನೇ ತರಗತಿಯವರ ತಪ್ಪು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, ಅಂದರೆ ಸುಲಭಕ್ಕೆ ಪ್ರವೇಶ ಸಿಗದ ಜಾಗದಲ್ಲಿ, 177 ವಿದ್ಯಾರ್ಥಿಗಳನ್ನು 'ನೀವು ಹೇಗೆ ಓದುತ್ತೀರಿ' ಎಂದು ಕೇಳಿದ್ದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ನೂರಕ್ಕೆ 84 ಜನ 'ಪುಸ್ತಕ ಅಥವಾ ನೋಟ್ಸನ್ನು ಮತ್ತೆ ಓದುತ್ತೇವೆ' ಎಂದಿದ್ದರು. ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುತ್ತೇವೆ ಎಂದವರು ಸುಮಾರು 11 ಜನ.

ಅರ್ಥವಿಲ್ಲದ ಮಾತುಗಳ ಬಾಯಿಪಾಠ

ನೆನಪನ್ನು ಅಳೆಯಬಹುದು ಎಂದು ಮೊದಲು ತೋರಿಸಿದವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. 1885ರಲ್ಲಿ ಅವರ ಪುಸ್ತಕ ಬಂತು. ಪ್ರಯೋಗಶಾಲೆಯಿಲ್ಲ, ಸಹಾಯಕರಿಲ್ಲ. ಪ್ರಯೋಗ ಮಾಡಿದವರೂ ಅವರೇ, ಪ್ರಯೋಗಕ್ಕೆ ಒಳಗಾದವರೂ ಅವರೇ. ಕವಿತೆಯನ್ನೋ ಗದ್ಯವನ್ನೋ ಕಂಠಪಾಠ ಮಾಡಿದರೆ ಅರ್ಥವೂ ಪ್ರಾಸವೂ ನಡುವೆ ಕೈ ಹಾಕಿ ಸಹಾಯ ಮಾಡಿಬಿಡುತ್ತವೆ. ಅದಕ್ಕೆಂದು ಎರಡು ವ್ಯಂಜನಗಳ ನಡುವೆ ಒಂದು ಸ್ವರ ಸಿಕ್ಕಿಸಿ, ಏನೂ ಅರ್ಥವಿಲ್ಲದ ಸುಮಾರು 2,300 ಉಚ್ಚಾರಗಳನ್ನು ತಯಾರಿಸಿಕೊಂಡರು. ಅವುಗಳಲ್ಲಿ ಕೆಲವನ್ನು ಸಾಲಾಗಿ ಇಟ್ಟುಕೊಂಡು ತಪ್ಪಿಲ್ಲದೆ ಒಪ್ಪಿಸುವವರೆಗೆ ಉರುಹೊಡೆಯುವುದು, ಆಮೇಲೆ ಬಿಡುವುದು, ಸ್ವಲ್ಪ ಕಾಲದ ನಂತರ ಅದೇ ಸಾಲನ್ನು ಮತ್ತೆ ಕಲಿಯುವುದು. ವರ್ಷಗಟ್ಟಲೆ ಇದೇ ಕೆಲಸ. ಮನೆಯವರು ಏನಂದುಕೊಂಡಿರಬೇಕೋ.

ಅವರ ಜಾಣತನ ಅಳತೆಯಲ್ಲಿತ್ತು. 'ಎಷ್ಟು ನೆನಪಿದೆ' ಎಂದು ಕೇಳಿಕೊಳ್ಳಲಿಲ್ಲ. 'ಎರಡನೇ ಸಲ ಕಲಿಯುವಾಗ ಮೊದಲಿಗಿಂತ ಎಷ್ಟು ಶ್ರಮ ಉಳಿಯಿತು' ಎಂದು ಲೆಕ್ಕ ಹಾಕಿದರು. ಸುಮಾರು 20 ನಿಮಿಷದ ನಂತರ ಕಲಿತರೆ ಶೇಕಡಾ 58ರಷ್ಟು ಶ್ರಮ ಉಳಿಯುತ್ತಿತ್ತು. ಒಂದು ಗಂಟೆ ಕಳೆದರೆ 44. ಒಂದು ದಿನಕ್ಕೆ 34. ಆರು ದಿನಕ್ಕೆ 25. ಒಂದು ತಿಂಗಳು ಬಿಟ್ಟರೂ 21.

ಮೊದಲ ಗಂಟೆಯ ಇಳಿಜಾರನ್ನು ನೋಡಿ ಎಲ್ಲರೂ ಹೆದರುತ್ತಾರೆ. ನನಗೆ ಆಶ್ಚರ್ಯವಾಗುವುದು ಕೊನೆಯ ಅಂಕಿಯನ್ನು ಕಂಡು. ಅರ್ಥವೇ ಇಲ್ಲದ ಸರಕು, ತಿಂಗಳಿಡೀ ತಿರುಗಿ ನೋಡಿಲ್ಲ, ಬಹುಶಃ ಒಂದನ್ನೂ ತಾನಾಗಿ ಹೇಳಲು ಬರುತ್ತಿರಲಿಲ್ಲ. ಆದರೂ ಒಳಗೆಲ್ಲೋ ಐದರಲ್ಲೊಂದು ಪಾಲು ಉಳಿದಿತ್ತು. ಮರೆತದ್ದೆಲ್ಲ ಅಳಿಸಿ ಹೋಗಿರುವುದಿಲ್ಲ. ಅಟ್ಟದ ಮೇಲೆ ಇಟ್ಟ ಹಿತ್ತಾಳೆ ಕೊಳಗದ ಹಾಗೆ, ಇದೆ, ಕೈಗೆ ಸಿಗುತ್ತಿಲ್ಲ. ಇದನ್ನು ಹಿಡಿದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಬಿಂಗ್‌ಹೌಸ್ ಇನ್ನೊಂದು ವಿಷಯವನ್ನೂ ಗಮನಿಸಿದರು. 12 ಉಚ್ಚಾರಗಳ ಒಂದು ಸಾಲನ್ನು ಒಂದೇ ದಿನ ಒಂದೇ ಸಮನೆ 68 ಸಲ ಉರುಹೊಡೆದಾಗ ಮರುದಿನ ಎಷ್ಟು ಫಲ ಸಿಕ್ಕಿತೋ, ಮೂರು ದಿನಗಳಿಗೆ ಹಂಚಿ 38 ಸಲ ಹೇಳಿದಾಗಲೂ ಹೆಚ್ಚುಕಡಿಮೆ ಅಷ್ಟೇ ಫಲ ಸಿಕ್ಕಿತು. ಮೂವತ್ತು ಸಲದ ಗಂಟಲುನೋವು ಉಳಿತಾಯ. 1885ರಲ್ಲೇ ಅಚ್ಚಾದ ಮಾತು. ಆದರೂ ನಮ್ಮಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಫ್ಲಾಸ್ಕಿನಲ್ಲಿ ಕಾಫಿ ತುಂಬಿಡುವುದು ನಿಂತಿಲ್ಲ.

ಹದಿನಾಲ್ಕು ಸಲ ಓದಿದವರು, ಮೂರು ಸಲ ಓದಿದವರು

ಈಗ ನಮ್ಮ ಕಾಲಕ್ಕೆ ಬರೋಣ. ಅದೇ ಸೇಂಟ್ ಲೂಯಿಸ್‌ನ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಓದುವುದರ ಬಗ್ಗೆ ನನ್ನ ಅಭಿಪ್ರಾಯವನ್ನು ಬುಡಮೇಲು ಮಾಡಿದ್ದು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿದ್ಯಾರ್ಥಿಗಳಿಗೆ ಒಂದು ಪುಟಕ್ಕಿಂತ ಚಿಕ್ಕದಾದ ಗದ್ಯ ಕೊಟ್ಟರು. ಒಂದು ಸೂರ್ಯನ ಬಗ್ಗೆ, ಇನ್ನೊಂದು ಕಡಲ ನೀರುನಾಯಿಗಳ ಬಗ್ಗೆ. ಮೂರು ಗುಂಪು ಮಾಡಿದರು. ಪ್ರತಿ ಗುಂಪಿಗೂ ನಾಲ್ಕು ಅವಧಿ. ಮೊದಲ ಗುಂಪು ನಾಲ್ಕೂ ಅವಧಿ ಓದಿತು. ಎರಡನೆಯದು ಮೂರು ಅವಧಿ ಓದಿ, ನಾಲ್ಕನೆಯದರಲ್ಲಿ ಗದ್ಯವನ್ನು ಪಕ್ಕಕ್ಕಿಟ್ಟು ಖಾಲಿ ಹಾಳೆಯ ಮೇಲೆ ನೆನಪಾದಷ್ಟನ್ನೂ ಬರೆಯಿತು. ಮೂರನೆಯದು ಒಂದೇ ಅವಧಿ ಓದಿ, ಉಳಿದ ಮೂರೂ ಅವಧಿಗಳಲ್ಲಿ ಖಾಲಿ ಹಾಳೆಯೊಂದಿಗೆ ಗುದ್ದಾಡಿತು. ಬರೆದದ್ದು ಸರಿಯೋ ತಪ್ಪೋ ಎಂದು ಯಾರೂ ಹೇಳಲಿಲ್ಲ. ಲೆಕ್ಕ ಹಾಕಿದಾಗ, ಮೊದಲ ಗುಂಪಿನವರು ಆ ಗದ್ಯವನ್ನು ಸರಾಸರಿ 14 ಸಲ ಓದಿ ಮುಗಿಸಿದ್ದರು. ಮೂರನೆಯ ಗುಂಪಿನವರು ಓದಿದ್ದು ಮೂರೂವರೆ ಸಲಕ್ಕಿಂತ ಕಡಿಮೆ.

ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದರು. ಓದಿದವರೇ ಮುಂದಿದ್ದರು: ಅವರಿಗೆ ಶೇಕಡಾ 83 ನೆನಪಿತ್ತು, ನಡುವಿನ ಗುಂಪಿಗೆ 78, ಗುದ್ದಾಡಿದವರಿಗೆ 71. ಇಲ್ಲಿಗೇ ನಿಲ್ಲಿಸಿದ್ದರೆ ನಮ್ಮ ಅಪ್ಪಂದಿರು ಹೇಳುವ "ಇನ್ನೊಂದ್ಸಲ ಓದು" ಎಂಬುದೇ ಗೆಲ್ಲುತ್ತಿತ್ತು. ಆದರೆ ಒಂದು ವಾರದ ನಂತರ ಪರೀಕ್ಷೆ ಬರೆದವರ ಅಂಕ ನೋಡಿ. ಬರೀ ಓದಿದವರು 40ಕ್ಕೆ ಇಳಿದಿದ್ದರು. ಒಂದು ಸಲ ನೆನಪಿನಿಂದ ಬರೆದವರು 56. ಮೂರು ಸಲ ಬರೆದವರು 61. ಸಾಲು ಪೂರ್ತಿ ತಲೆಕೆಳಗಾಗಿತ್ತು.

ಇದರಲ್ಲೊಂದು ತಮಾಷೆಯಿದೆ. ಅಭ್ಯಾಸ ಮುಗಿದಾಗ 'ವಾರದ ನಂತರ ನಿಮಗೆ ಎಷ್ಟು ನೆನಪಿರಬಹುದು' ಎಂದು ವಿದ್ಯಾರ್ಥಿಗಳನ್ನೇ ಕೇಳಿದ್ದರು. ಹೆಚ್ಚು ಧೈರ್ಯ ತೋರಿಸಿದ್ದು ಹದಿನಾಲ್ಕು ಸಲ ಓದಿದವರು. ಗುದ್ದಾಡಿದವರಿಗೆ ತಮ್ಮ ಮೇಲೆ ನಂಬಿಕೆ ಕಡಿಮೆ. ಅದು ಸಹಜವೇ. ಖಾಲಿ ಹಾಳೆಯ ಮುಂದೆ ಕೂತಾಗ ಬಾರದ್ದೇ ಕಣ್ಣಿಗೆ ಹೊಡೆಯುತ್ತದೆ, ಪುಸ್ತಕದ ಮುಂದೆ ಕೂತಾಗ ಎಲ್ಲವೂ ಬಂದಂತೆಯೇ ಇರುತ್ತದೆ. ಕಲಿಕೆ ಆಗುತ್ತಿದೆ ಎಂಬ ಅನಿಸಿಕೆ ಒಂದು ದಾರಿ, ಕಲಿಕೆ ಇನ್ನೊಂದು ದಾರಿ.

ಪರೀಕ್ಷೆ ಎಂದರೆ ಕಲಿತದ್ದನ್ನು ಅಳೆಯುವ ಕೋಲು ಎಂದೇ ನಾವು ತಿಳಿದಿದ್ದೇವೆ. ಮಗುವಿನ ಎತ್ತರ ಅಳೆದರೆ ಮಗು ಬೆಳೆಯುವುದಿಲ್ಲವಲ್ಲ. ಆದರೆ ನೆನಪಿನ ವಿಷಯದಲ್ಲಿ ಅಳೆಯುವ ಕೆಲಸದಿಂದಲೇ ಅಳೆಯಲ್ಪಡುವುದು ಬೆಳೆಯುತ್ತದೆ. ಯಾಕೆ?

ಬೇರು ಮತ್ತು ಎಟುಕು

ಈ 'ಯಾಕೆ'ಗೆ ಒಂದು ಚೆಂದದ ವಿವರಣೆಯನ್ನು 1992ರಲ್ಲಿ ಕೊಟ್ಟವರು ಕ್ಯಾಲಿಫೋರ್ನಿಯಾದ ರಾಬರ್ಟ್ ಬ್ಯೋರ್ಕ್ ಮತ್ತು ಎಲಿಜಬೆತ್ ಬ್ಯೋರ್ಕ್ ದಂಪತಿ. ಪ್ರತಿಯೊಂದು ನೆನಪಿಗೂ ಒಂದಲ್ಲ, ಎರಡು ಬಲಗಳಿವೆ ಎನ್ನುತ್ತಾರೆ ಅವರು. ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಒಂದು. ಇದನ್ನು 'ಬೇರು' ಎನ್ನೋಣ. ಈ ಗಳಿಗೆಯಲ್ಲಿ ಎಷ್ಟು ಸುಲಭವಾಗಿ ಕೈಗೆ ಸಿಗುತ್ತದೆ ಎಂಬುದು ಇನ್ನೊಂದು. ಇದನ್ನು 'ಎಟುಕು' ಎನ್ನೋಣ.

ಎರಡೂ ಬೇರೆ ಬೇರೆ. ಲಾಡ್ಜಿನಲ್ಲಿ ಇಳಿದುಕೊಂಡಾಗ ಕೋಣೆಯ ಸಂಖ್ಯೆ ಥಟ್ಟನೆ ಬಾಯಿಗೆ ಬರುತ್ತದೆ. ಎಟುಕು ಚೆನ್ನಾಗಿದೆ, ಬೇರಿಲ್ಲ. ಊರಿಗೆ ಬಂದ ಮೂರನೇ ದಿನಕ್ಕೆ ಅದು ಹೋಯಿತು. ಪ್ರಾಥಮಿಕ ಶಾಲೆಯಲ್ಲಿ ಪಕ್ಕ ಕೂರುತ್ತಿದ್ದವನ ಹೆಸರು ಈಗ ತಕ್ಷಣ ನೆನಪಾಗದೇ ಇರಬಹುದು. ಆದರೆ ಯಾರೋ ಅವನ ಇನಿಷಿಯಲ್ ಹೇಳಿದರೆ ಸಾಕು, ಹೆಸರಿನ ಜತೆ ಅವನ ಅಂಗಿಯ ಹರಿದ ಜೇಬೂ ಬರುತ್ತದೆ. ಬೇರು ಆಳದಲ್ಲಿದೆ, ಎಟುಕು ತಗ್ಗಿದೆ. ಎಬಿಂಗ್‌ಹೌಸರಿಗೆ ತಿಂಗಳ ನಂತರವೂ ಐದರಲ್ಲೊಂದು ಪಾಲು ಉಳಿದಿತ್ತಲ್ಲ, ಆ ಕೊಳಗ ಇದೇ.

ಇನ್ನು ಮುಖ್ಯ ಮಾತು. ಎಟುಕು ಎತ್ತರದಲ್ಲಿದ್ದಾಗ ಎಷ್ಟು ಓದಿದರೂ ಬೇರು ಹೆಚ್ಚು ಇಳಿಯುವುದಿಲ್ಲ. ಎಟುಕು ತಗ್ಗಿದಾಗ, ಅಂದರೆ ಸ್ವಲ್ಪ ಮರೆತಿರುವಾಗ, ಪ್ರಯಾಸಪಟ್ಟು ಎಳೆದು ತಂದರೆ ಬೇರು ಒಮ್ಮೆಲೇ ಆಳಕ್ಕೆ ಇಳಿಯುತ್ತದೆ.

ತೋಟ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆ ಗಿಡಕ್ಕೆ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಚಿಮುಕಿಸುತ್ತ ಬಂದರೆ ಮೇಲ್ಮಣ್ಣು ಸದಾ ಒದ್ದೆ. ಬೇರಿಗೆ ಕೆಳಗಿಳಿಯುವ ಗರಜೇ ಬರುವುದಿಲ್ಲ, ಮೇಲೆಮೇಲೇ ಹರಡಿಕೊಳ್ಳುತ್ತದೆ. ನೋಡಲು ಗಿಡ ಹಸಿರಾಗಿಯೇ ಇರುತ್ತದೆ. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಬಾಡಿ ಮಲಗಿರುತ್ತದೆ. ಅದೇ, ಒಮ್ಮೆ ಬುಡ ತೋಯುವಂತೆ ನೀರು ಬಿಟ್ಟು, ಮಣ್ಣು ಆರುವವರೆಗೆ ಕಾದು, ಮತ್ತೆ ಬಿಟ್ಟರೆ ಬೇರು ಪಸೆ ಹುಡುಕಿಕೊಂಡು ಕೆಳಗೆ ಹೋಗುತ್ತದೆ. ಓದಿದ ತಕ್ಷಣ ಅದನ್ನೇ ಇನ್ನೊಮ್ಮೆ ಓದುವುದು ಒದ್ದೆ ನೆಲಕ್ಕೆ ಚೊಂಬು ಚಿಮುಕಿಸಿದಂತೆ. ಮರೆವು ಎಂಬ ಒಣಗಾಲ ಇಲ್ಲಿ ಶತ್ರುವಲ್ಲ, ಕೆಲಸದ ಪಾಲುದಾರ. ಪೂರ್ತಿ ಒಣಗಲು ಬಿಟ್ಟರೆ ಗಿಡ ಸಾಯುತ್ತದೆ ಎಂಬುದೂ ಅಷ್ಟೇ ನಿಜ.

ಹಾಗಿದ್ದರೆ ಎಷ್ಟು ದಿನ ಬಿಡಬೇಕು? ಇದನ್ನೂ ಅಳೆದಿದ್ದಾರೆ. 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಸಣ್ಣ ಸಣ್ಣ ಮಾಹಿತಿಗಳನ್ನು ಕಲಿಸಿ, ಬೇರೆ ಬೇರೆ ಅಂತರದಲ್ಲಿ ಎರಡನೇ ಸಲ ಅಭ್ಯಾಸ ಮಾಡಿಸಿದರು. ಕೊನೆಯ ಪರೀಕ್ಷೆ ಒಂದು ವಾರ ದೂರವಿದ್ದರೆ ಒಂದು ದಿನದ ಬಿಡುವು, 35 ದಿನ ದೂರವಿದ್ದರೆ ಸುಮಾರು 11 ದಿನ, 70 ದಿನ ದೂರವಿದ್ದರೆ ಸುಮಾರು ಮೂರು ವಾರ ಚೆನ್ನಾಗಿ ಕೆಲಸ ಮಾಡಿದವು. ಅಂಕಿಗಳನ್ನು ಪಂಚಾಂಗದ ಹಾಗೆ ಪಾಲಿಸಬೇಕಿಲ್ಲ. ಪರೀಕ್ಷೆ ದೂರವಿದ್ದಷ್ಟೂ ಬಿಡುವು ದೊಡ್ಡದಿರಲಿ ಎಂಬುದು ಇದರ ತಿರುಳು.

ಅಂದಹಾಗೆ, ಒಂದು ನಿಮಿಷ. ಐವತ್ತರ ನೋಟಿನಲ್ಲಿ ಕನ್ನಡ ಎಷ್ಟನೇ ಸಾಲು? ಅದರ ಮೇಲಿನ ಮೂರು ಯಾವುವು? ಹಿಂದಿನ ಪುಟ ತಿರುವಬೇಡಿ. ಈಗ ನಿಮ್ಮ ತಲೆಯೊಳಗೆ ಸಣ್ಣಗೆ ತಿಣುಕಿದಂತಾಯಿತಲ್ಲ, ನಾನು ಇಷ್ಟು ಹೊತ್ತು ಹೇಳುತ್ತಿರುವುದು ಆ ತಿಣುಕಾಟದ ಬಗ್ಗೆಯೇ.

ಅವಧಾನಿಯ ನಾಲ್ಕು ಸುತ್ತು

ಈ ತಿಣುಕಾಟವನ್ನೇ ಕಲೆಯಾಗಿಸಿದವರು ನಮ್ಮಲ್ಲಿದ್ದಾರೆ. ಶತಾವಧಾನಿ ಆರ್. ಗಣೇಶರ ಅಷ್ಟಾವಧಾನವನ್ನು ನೋಡಿದವರಿಗೆ ಅದರ ರಚನೆ ಗೊತ್ತಿರುತ್ತದೆ. ಎದುರಿಗೆ ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು. ಅವರಲ್ಲಿ ಹಲವರಿಗೆ ಅವಧಾನಿ ಅಲ್ಲೇ ಪದ್ಯ ಕಟ್ಟಿ ಉತ್ತರಿಸಬೇಕು. ಒಬ್ಬರು ಸಮಸ್ಯೆ (ಪದ್ಯವಾಗಿ ಪೂರ್ತಿ ಮಾಡಬೇಕಾದ ಸಾಲು) ಕೊಡುತ್ತಾರೆ, ಒಬ್ಬರು ದತ್ತಪದಿ (ಪದ್ಯದಲ್ಲಿ ಬರಲೇಬೇಕಾದ ಪದಗಳು), ಮತ್ತೊಬ್ಬರು ನಿಷೇಧಾಕ್ಷರಿಯಲ್ಲಿ ಅಕ್ಷರಕ್ಕೊಂದು ಅಡ್ಡಗಾಲು ಹಾಕುತ್ತಾರೆ. ಅಪ್ರಸ್ತುತ ಪ್ರಸಂಗದವರು ನಡುನಡುವೆ 'ಸ್ವಾಮಿ, ದೋಸೆಗೂ ವೇದಾಂತಕ್ಕೂ ಏನು ಸಂಬಂಧ' ಎಂಬ ಧಾಟಿಯಲ್ಲಿ ಕೆಣಕುತ್ತಲೇ ಇರುತ್ತಾರೆ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಸುತ್ತುಗಳು. ಒಬ್ಬರ ಪದ್ಯವನ್ನು ಪೂರ್ತಿ ಮುಗಿಸಿ ಇನ್ನೊಬ್ಬರ ಬಳಿಗೆ ಹೋಗುವುದಿಲ್ಲ. ಒಂದು ಸುತ್ತಿಗೆ ಒಬ್ಬರಿಗೆ ಒಂದೇ ಪಾದ. ಮಿಕ್ಕವರನ್ನೆಲ್ಲ ಮುಗಿಸಿ ಮತ್ತೆ ಮೊದಲಿನವರ ಬಳಿ ಬಂದಾಗ, ಬಿಟ್ಟಲ್ಲಿಂದ ಎತ್ತಿಕೊಳ್ಳಬೇಕು. ನಾಲ್ಕು ಸುತ್ತು ಮುಗಿದ ಮೇಲೆ ಧಾರಣೆ: ಎಲ್ಲ ಪದ್ಯಗಳನ್ನೂ ಇಡಿಯಾಗಿ ಒಪ್ಪಿಸುವುದು. ಸಭಿಕರಿಗೆ ಇದು ಕಷ್ಟವನ್ನು ಹೆಚ್ಚಿಸುವ ಏರ್ಪಾಡಿನಂತೆ ಕಾಣುತ್ತದೆ. ಹೌದು, ಕಷ್ಟವೇ. ಅವಧಾನಿಯ ಪ್ರತಿಭೆ, ಛಂದಸ್ಸಿನ ಹಿಡಿತ ಎಲ್ಲವೂ ಬೇರೆಯೇ ಮಾತು. ಆದರೆ ನೆನಪಿನ ಕಣ್ಣಿನಿಂದ ನೋಡಿದರೆ ಪ್ರತಿ ಸುತ್ತೂ ಒಂದು ಒಣಗಾಲ, ಪ್ರತಿ ಮರಳುವಿಕೆಯೂ ಒಂದು ಎಳೆತ. ಧಾರಣೆಯ ಹೊತ್ತಿಗೆ ಮೊದಲ ಪಾದವನ್ನು ಅಷ್ಟಷ್ಟು ಬಿಡುವು ಕೊಟ್ಟು ಮೂರು ಸಲ ಎಳೆದು ತಂದಾಗಿರುತ್ತದೆ.

ಒಂದೇ ಬಗೆಯ ಲೆಕ್ಕ ಹತ್ತು ಸಲ

ಗಣಿತಕ್ಕೆ ಇದು ಹೊಂದುವುದಿಲ್ಲ, ಅಲ್ಲಿ ನೆನಪಿಗಿಂತ ಅಭ್ಯಾಸ ಮುಖ್ಯ ಎನ್ನುವವರಿದ್ದಾರೆ. ಅಭ್ಯಾಸ ಮುಖ್ಯವೇ. ಆದರೆ ನಮ್ಮ ಅಭ್ಯಾಸದ ಪುಟಗಳನ್ನು ಒಮ್ಮೆ ನೋಡಿ. ಶಂಕುವಿನ ಘನಫಲ ಹೇಳಿಕೊಟ್ಟರು, ಕೆಳಗೆ ಶಂಕುವಿನದೇ ಹತ್ತು ಲೆಕ್ಕ. ಮೊದಲನೆಯದನ್ನು ಮಾಡಿದ ಮೇಲೆ ಉಳಿದ ಒಂಬತ್ತಕ್ಕೆ ಯೋಚಿಸುವುದೇನಿಲ್ಲ. ಯಾವ ಸೂತ್ರ ಎಂದು ಆರಿಸುವ ಕೆಲಸವನ್ನು ಪಾಠದ ಹೆಸರೇ ಮಾಡಿಬಿಟ್ಟಿರುತ್ತದೆ.

2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಕಾಲೇಜು ವಿದ್ಯಾರ್ಥಿಗಳಿಗೆ ಅಪರೂಪದ ನಾಲ್ಕು ಘನಾಕೃತಿಗಳ ಘನಫಲ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪು ಒಂದೊಂದು ಆಕೃತಿಯ ಲೆಕ್ಕಗಳನ್ನು ಒಟ್ಟೊಟ್ಟಿಗೆ ಮಾಡಿತು. ಇನ್ನೊಂದು ಗುಂಪಿಗೆ ಎಲ್ಲವನ್ನೂ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಒಟ್ಟೊಟ್ಟಿಗೆ ಮಾಡಿದವರು ನೂರಕ್ಕೆ 89 ಸರಿ, ಕಲಸಿ ಮಾಡಿದವರು 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲನೆಯವರು 20, ಎರಡನೆಯವರು 63. ನೋಟ್‌ಬುಕ್ ತಿರುವಿ ನೋಡುವ ಮೇಷ್ಟ್ರಿಗೆ ಯಾವ ಗುಂಪು ಇಷ್ಟವಾಗಿರುತ್ತಿತ್ತು ಎಂದು ಕೇಳಿಕೊಂಡರೆ ಸ್ವಲ್ಪ ಇರಿಸುಮುರಿಸಾಗುತ್ತದೆ. ಮನೆಯಲ್ಲಿ ಮಾಡಬಹುದಾದದ್ದು ಸುಲಭ: ಇವತ್ತಿನ ಪಾಠದಿಂದ ಮೂರು, ಹೋದ ವಾರದ್ದು ಎರಡು, ಎರಡು ತಿಂಗಳ ಹಿಂದಿನದೊಂದು. ಪುಟಸಂಖ್ಯೆಯನ್ನು ಅಮ್ಮನೋ ತಮ್ಮನೋ ಹೇಳಲಿ, ಪಾಠದ ಹೆಸರು ಹೇಳದಿರಲಿ.

ನಿದ್ದೆಯ ಬಗ್ಗೆ ಒಂದೇ ಮಾತು. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಉಚ್ಚಾರಗಳನ್ನು ಕಲಿಸಿ, ಕೆಲವು ಸಲ ಮಲಗಿಸಿ ಎಬ್ಬಿಸಿ ಕೇಳಿದರು, ಕೆಲವು ಸಲ ಎಚ್ಚರವಿರಿಸಿ ಕೇಳಿದರು. ಮಲಗಿ ಎದ್ದಾಗಲೇ ಹೆಚ್ಚು ಉಳಿದಿರುತ್ತಿತ್ತು. ಆಮೇಲಿನ ನೂರು ವರ್ಷಗಳ ಸಂಶೋಧನೆ ನಿದ್ದೆಯ ಪರವಾಗಿಯೇ ಮಾತಾಡುತ್ತ ಬಂದಿದೆ. ಫ್ಲಾಸ್ಕನ್ನು ತೊಳೆದು ಎತ್ತಿಡಬಹುದು.

ಲಗ್ನಪತ್ರಿಕೆ ಮತ್ತು ಸ್ವೀಟ್ ಡಬ್ಬಿ

ಇಷ್ಟೆಲ್ಲ ಕೇಳಿದ ಮೇಲೆ ಅಕ್ಕನ ಮಗಳು ಕೇಳಿದ್ದು ನೇರವಾದ ಪ್ರಶ್ನೆ: "ಸರಿ ಮಾಮ, ಯಾವತ್ತು ಯಾವುದನ್ನ ನೆನಪು ಮಾಡ್ಕೋಬೇಕು ಅಂತ ಯಾರು ಲೆಕ್ಕ ಇಡೋದು?"

ಲೆಕ್ಕ ಇಡುವುದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಭಾಷೆಯ ಪತ್ರಕರ್ತರು 1972ರಲ್ಲೇ ಒಂದು ಪೆಟ್ಟಿಗೆ ಸೂಚಿಸಿದ್ದಾರೆ. ನಾವು ಅದಕ್ಕೆ ಒಂದು ಕಿಲೋ ಸ್ವೀಟಿನ ಖಾಲಿ ಡಬ್ಬಿ ತೆಗೆದುಕೊಂಡೆವು. ರಟ್ಟು ಕತ್ತರಿಸಿ ಅಡ್ಡ ಇಟ್ಟು ನಾಲ್ಕು ಮನೆ ಮಾಡಿದೆವು. ಟಿವಿ ಸ್ಟ್ಯಾಂಡಿನ ಕೆಳಗೆ ಹೋದ ವರ್ಷದ ಲಗ್ನಪತ್ರಿಕೆಗಳ ಕಟ್ಟಿತ್ತು. ಅಕ್ಕ "ಮಂಗಳಕಾರ್ಯದ್ದು ಕಣೋ, ಕತ್ತರಿ ಹಾಕ್ತೀಯಾ" ಎಂದು ಗೊಣಗಿದಳು. ದೇವರ ಚಿತ್ರ ಇದ್ದ ಭಾಗವನ್ನು ಬಿಟ್ಟು, ಖಾಲಿ ಇದ್ದ ದಪ್ಪ ಕಾಗದವನ್ನಷ್ಟೇ ಕತ್ತರಿಸಿ ಕಾರ್ಡು ಮಾಡಿದೆವು. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಪ್ರಶ್ನೆಗಳನ್ನು ಅವಳೇ ಬರೆಯಬೇಕು ಎಂದು ಪಟ್ಟು ಹಿಡಿದೆ. ಗೈಡಿನಿಂದ ಇಳಿಸಿಕೊಂಡರೆ ಪಾಠದಲ್ಲಿ ಕೇಳುವಂಥದ್ದು ಏನಿದೆ ಎಂದು ಹುಡುಕುವ ಕೆಲಸವೇ ತಪ್ಪಿಹೋಗುತ್ತದೆ.

ಎಲ್ಲ ಕಾರ್ಡೂ ಮೊದಲು ಒಂದನೇ ಮನೆಯಲ್ಲಿ. ಅದನ್ನು ದಿನಾ ತೆಗೆಯಬೇಕು. ಉತ್ತರ ಸರಿ ಬಂದರೆ ಕಾರ್ಡು ಎರಡನೇ ಮನೆಗೆ. ಅದರ ಸರದಿ ಮೂರು ದಿನಕ್ಕೊಮ್ಮೆ. ಅಲ್ಲೂ ಸರಿ ಬಂದರೆ ಮೂರನೆಯದು, ವಾರಕ್ಕೊಮ್ಮೆ. ಆಮೇಲೆ ನಾಲ್ಕನೆಯದು, ತಿಂಗಳಿಗೊಮ್ಮೆ. ಯಾವ ಮನೆಯಲ್ಲಿ ತಪ್ಪಿದರೂ ಕಾರ್ಡು ಪರಮಪದದ ಹಾವು ಕಚ್ಚಿದಂತೆ ಸೀದಾ ಒಂದಕ್ಕೆ. ತಿಂಗಳು, ವಾರದ ಈ ಲೆಕ್ಕ ನಮ್ಮದೇ, ಪರೀಕ್ಷೆ ಎಷ್ಟು ದೂರವಿದೆ ಎಂದು ನೋಡಿಕೊಂಡು ಹಾಕಿದ್ದು.

ಎರಡು ಕಟ್ಟುನಿಟ್ಟು ಮಾಡಿದೆ. ಕಾರ್ಡು ತಿರುಗಿಸುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಬೇಕು ಅಥವಾ ಬರೆಯಬೇಕು. ಮನಸ್ಸಿನಲ್ಲೇ ಅಂದುಕೊಂಡರೆ 'ಗೊತ್ತಿತ್ತು' ಮತ್ತೆ ಒಳಗೆ ನುಸುಳುತ್ತದೆ. ಹೇಳಿದ ಮೇಲೆ ತಪ್ಪದೆ ತಿರುಗಿಸಿ ನೋಡಬೇಕು. ತಪ್ಪು ಉತ್ತರವನ್ನು ತಿದ್ದದೆ ಬಿಟ್ಟರೆ ಅದಕ್ಕೂ ಬೇರು ಬರುತ್ತದೆ. ಏನೂ ಹೊಳೆಯದಿದ್ದರೂ ಒಂದು ಊಹೆ ಮಾಡಿ ಆಮೇಲೆ ಉತ್ತರ ನೋಡು ಅಂದೆ. ಸುಮ್ಮನೆ ಉತ್ತರ ಓದುವುದಕ್ಕಿಂತ ತಪ್ಪಾಗಿ ಊಹಿಸಿ ಕೂಡಲೇ ತಿದ್ದಿಕೊಂಡರೆ ಅದು ಹೆಚ್ಚು ಉಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ.

ಪಾಠವೇ ಅರ್ಥವಾಗದಿದ್ದರೆ ಡಬ್ಬಿಯಿಂದ ಏನೂ ಆಗುವುದಿಲ್ಲ ಎಂದೂ ಹೇಳಬೇಕು. ಬೀಜವೇ ಇಲ್ಲದ ಮಡಿಗೆ ನೀರು ಕಟ್ಟಿದಂತಾಗುತ್ತದೆ. ಹೃದಯದಲ್ಲಿ ಎರಡು ಬದಿ ಯಾಕೆ, ಒಂದು ಬದಿ ಶ್ವಾಸಕೋಶಕ್ಕೆ ತಳ್ಳುತ್ತದೆ, ಇನ್ನೊಂದು ಇಡೀ ಮೈಗೆ ತಳ್ಳುತ್ತದೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಕೋಣೆ ಬರೆದು, ಅವಳನ್ನೇ ರಕ್ತದ ಕಣ ಮಾಡಿ, ಕೋಣೆಯಿಂದ ಕೋಣೆಗೆ ನಡೆಸಿದೆ. ಎಡ ಹೃತ್ಕರ್ಣ ಆಮೇಲೆ ತಪ್ಪಲಿಲ್ಲ.

ಮೂರು ವಾರ ಬಿಟ್ಟು ಹೋದಾಗ ಡಬ್ಬಿ ತೆಗೆದು ತೋರಿಸಿದಳು. ಹಳದಿ ಹೈಲೈಟರಿನ ಮುಚ್ಚಳ ಎಲ್ಲೋ ಕಳೆದು ಅದು ಒಣಗಿಹೋಗಿತ್ತು. ಕಾರ್ಡುಗಳು ಬಹುಪಾಲು ಎರಡು, ಮೂರನೇ ಮನೆಗಳಲ್ಲಿದ್ದವು, ಅಂಚು ಇನ್ನೂ ಹೊಸದರಂತೆಯೇ ಇತ್ತು. ಒಂದನೇ ಮನೆಯಲ್ಲಿ ಒಂದು ಕಾರ್ಡು ಮಾತ್ರ ಮೂಲೆ ಮಡಿಚಿ, ಬೆರಳಿನ ಎಣ್ಣೆ ಹತ್ತಿ ಮಾಸಿತ್ತು. 'ಅಪಧಮನಿಯಾದರೂ ಆಕ್ಸಿಜನ್ ಕಡಿಮೆ ಇರುವ ರಕ್ತ ಒಯ್ಯುವುದು ಯಾವುದು?'

"ಇದೊಂದು ನಾಲ್ಕು ಸಲ ವಾಪಸ್ ಬಂದಿದೆ ಮಾಮ," ಅಂದಳು. ಹೇಳು ನೋಡೋಣ ಅಂದೆ. ಕಣ್ಣು ಮುಚ್ಚಿ, ನಿಂತಲ್ಲೇ ಎರಡು ಹೆಜ್ಜೆ ಬಲಕ್ಕೆ ನಡೆದು, ಅಳಿಸಿಹೋಗಿದ್ದ ಸೀಮೆಸುಣ್ಣದ ಗೆರೆಯನ್ನು ದಾಟಿ, "ಶ್ವಾಸಕೋಶದ ಅಪಧಮನಿ" ಎಂದು ಕಾರ್ಡನ್ನು ಎರಡನೇ ಮನೆಗೆ ಹಾಕಿದಳು.